ನಟ ಹೊರನಾಡಿನವನು, ಅಡಿಕೆ ಚನ್ನಗಿರಿಯದು: ಜಾಹೀರಾತಿನ ಹೊಣೆ ಯಾರ ಮೇಲೆ?

ಪಾನ್ ಮಸಾಲ ಜಾಹೀರಾತಿನಲ್ಲಿ ಕಾಣಿಸಿಕೊಂಡ ನಟರಿಗೆ ನೋಟಿಸ್ ಹೋಯಿತು ಎಂಬ ಸುದ್ದಿ ಈಚೆಗೆ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. 2025ರ ಮಾರ್ಚ್‌ನಲ್ಲಿ ಜೈಪುರದ ಜಿಲ್ಲಾ ಗ್ರಾಹಕರ ಆಯೋಗ ಶಾರುಖ್ ಖಾನ್, ಅಜಯ್ ದೇವಗನ್ ಮತ್ತು ಟೈಗರ್ ಶ್ರಾಫ್ ಅವರಿಗೆ ನೋಟಿಸ್ ಕೊಟ್ಟಿತು. ದೂರು ಸರಳವಾಗಿತ್ತು. ಮಸಾಲೆಯ ಕಾಳುಕಾಳಿನಲ್ಲೂ ಕೇಸರಿ ಇದೆ ಎಂದು ಜಾಹೀರಾತು ಹೇಳುತ್ತದೆ. ಕೇಸರಿ ಕಿಲೋಗೆ ಲಕ್ಷಗಟ್ಟಲೆ ರೂಪಾಯಿ. ಪೊಟ್ಟಣಕ್ಕೆ 5 ರೂಪಾಯಿ. ಈ ಲೆಕ್ಕ ಹೇಗೆ ಕೂಡುತ್ತದೆ ಎಂಬುದು ದೂರುದಾರರ ಪ್ರಶ್ನೆ. ನೋಟಿಸ್ ಬಂದ ಮಾತ್ರಕ್ಕೆ ಯಾರೂ ತಪ್ಪಿತಸ್ಥರಾಗುವುದಿಲ್ಲ, ಉತ್ತರ ಕೊಡಿ ಎಂದಷ್ಟೇ ಅದರ ಅರ್ಥ. ಆದರೂ ಸುದ್ದಿ ದೊಡ್ಡದಾಯಿತು.

ಅಡಿಕೆ ಬೆಳೆಯುವ ಚನ್ನಗಿರಿ, ಹೊಳಲ್ಕೆರೆ, ಭೀಮಸಮುದ್ರದ ಕಡೆಯ ಓದುಗರಿಗೆ ಇಂಥ ಸುದ್ದಿ ಬಂದಾಗಲೆಲ್ಲ ಎರಡು ಗೊಂದಲ. ನಟ ಸುಮ್ನೆ ಬಂದು ಅಭಿನಯಿಸಿ ಹೋದವನು, ಅವನನ್ನು ಯಾಕೆ ಹಿಡಿಯುತ್ತಾರೆ ಎಂಬುದು ಒಂದು. ಈ ಜಾಹೀರಾತುಗಳೆಲ್ಲ ನಿಂತರೆ ನಮ್ಮ ಅಡಿಕೆ ಧಾರಣೆ ಗತಿ ಏನು ಎಂಬುದು ಇನ್ನೊಂದು. ಎರಡಕ್ಕೂ ಉತ್ತರ ಬೇಕಾದರೆ ಸ್ವಲ್ಪ ದೂರದಿಂದ ಬರಬೇಕು. ತನ್ನ ಊರಿನ ಜನ ನೋಡದ ಜಾಹೀರಾತಿನಲ್ಲಿ, ತಾನು ಬಳಸದ ಸರಕಿನ ಪರವಾಗಿ ತಾರೆಯೊಬ್ಬ ನಿಲ್ಲುವ ವ್ಯವಹಾರ ಹೇಗೆ ಹುಟ್ಟಿತು ಎಂಬಲ್ಲಿಂದ.

ಜಪಾನಿನಲ್ಲಿ ಶುರುವಾದ ವ್ಯವಹಾರ

1970ರಲ್ಲಿ ಜಪಾನಿನ ಟಾಂಚೊ ಎಂಬ ಕಂಪನಿ ಗಂಡಸರ ಅಲಂಕಾರದ ಸಾಮಾನು ಮಾರಲು ಅಮೆರಿಕದ ನಟ ಚಾರ್ಲ್ಸ್ ಬ್ರಾನ್ಸನ್ ಅವರನ್ನು ಹಿಡಿಯಿತು. ಸರಕಿನ ಹೆಸರು ಮ್ಯಾಂಡಮ್. ಜಾಹೀರಾತು ಎಷ್ಟು ಗೆದ್ದಿತೆಂದರೆ, ಮರುವರ್ಷ ಕಂಪನಿ ತನ್ನ ಹಳೇ ಹೆಸರನ್ನೇ ಬಿಟ್ಟು ಮ್ಯಾಂಡಮ್ ಎಂದು ಹೆಸರಿಟ್ಟುಕೊಂಡಿತು.

ಆಮೇಲೆ ಸಾಲುಗಟ್ಟಿದರು. ನಿರ್ದೇಶಕ ಆರ್ಸನ್ ವೆಲ್ಸ್ ನಿಕ್ಕಾ ವಿಸ್ಕಿ ಹಿಡಿದು ನಿಂತರು. 1980ರಲ್ಲಿ ಫ್ರಾನ್ಸಿಸ್ ಫೋರ್ಡ್ ಕೊಪೊಲಾ ಮತ್ತು ಅಕಿರಾ ಕುರೊಸಾವಾ ಇಬ್ಬರೂ ಒಟ್ಟಿಗೆ ಸಂಟೋರಿ ವಿಸ್ಕಿ ಜಾಹೀರಾತಿನಲ್ಲಿ ಕಾಣಿಸಿಕೊಂಡರು. ಅರ್ನಾಲ್ಡ್ ಶ್ವಾರ್ಜನೆಗರ್ ಕಪ್ ನೂಡಲ್ಸ್ ಮಾರಿದರು, ಶಕ್ತಿವರ್ಧಕ ಪಾನೀಯವನ್ನೂ ಮಾರಿದರು. ಲಿಯೊನಾರ್ಡೊ ಡಿಕಾಪ್ರಿಯೊ ಸುಜುಕಿ ವ್ಯಾಗನ್ ಆರ್ ಕಾರಿನ ಮುಖವಾದರು. ನಮ್ಮ ಊರಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನಿಲ್ಲುವ ಅದೇ ಹೆಸರಿನ ಕಾರು!

ಇವರೆಲ್ಲ ಅಮೆರಿಕದಲ್ಲಿ ಇಂಥ ಜಾಹೀರಾತು ಮಾಡುತ್ತಿರಲಿಲ್ಲ. ಅಲ್ಲಿ ದೊಡ್ಡ ಸಿನಿಮಾ ನಟ ಟಿವಿ ಜಾಹೀರಾತಿಗೆ ಬಂದರೆ ಅವನಿಗೆ ಸಿನಿಮಾ ಸಿಗುತ್ತಿಲ್ಲ ಎಂದು ಜನ ಅಂದುಕೊಳ್ಳುತ್ತಿದ್ದರು. ಜಪಾನಿನಲ್ಲಿ ಇದಕ್ಕೆ ಪೂರ್ತಿ ಉಲ್ಟಾ. ಹಾಲಿವುಡ್ ನಟ ಬಂದನೆಂದರೆ ಕಂಪನಿಗೆ ಘನತೆ. 1980ರ ದಶಕದಲ್ಲಿ ಅಲ್ಲಿನ ಕಂಪನಿಗಳ ಕೈಯಲ್ಲಿ ದುಡ್ಡು ಓಡಾಡುತ್ತಿತ್ತು, ಯೆನ್ ಬಲವಾಗಿತ್ತು. ಕೆಲವೇ ದಿನಗಳ ಚಿತ್ರೀಕರಣಕ್ಕೆ ಭಾರಿ ಸಂಭಾವನೆ ಕೊಡಲು ಅವು ತಯಾರಿದ್ದವು. ಒಂದೇ ಷರತ್ತು ನಟರ ಕಡೆಯಿಂದ ಬರುತ್ತಿತ್ತು: ಈ ಜಾಹೀರಾತನ್ನು ಅಮೆರಿಕದಲ್ಲಿ ತೋರಿಸಬಾರದು.

ಇಡೀ ವ್ಯವಹಾರದ ಬೇರು ಈ ಷರತ್ತಿನಲ್ಲಿದೆ. ಜಾಹೀರಾತಿನ ಕರಾರಿನಲ್ಲಿ ಸಾಮಾನ್ಯವಾಗಿ ಮೂರು ಮಾತು ಬರೆದಿರುತ್ತಾರೆ. ಎಷ್ಟು ಕಾಲ, ಯಾವ ಮಾಧ್ಯಮ, ಯಾವ ದೇಶ. ಕೊನೆಯದ್ದು ನಟನಿಗೆ ಬೇಲಿ ಇದ್ದ ಹಾಗೆ. ಬೇಲಿಯ ಆಚೆ ಅವನು ಏನು ಮಾರಿದರೂ ಈಚೆ ಅವನ ಹೆಸರಿಗೆ ಮಸಿ ಹತ್ತುವುದಿಲ್ಲ. ಹಣ ಒಂದು ದೇಶದಿಂದ ಬರುತ್ತದೆ, ಮರ್ಯಾದೆ ಇನ್ನೊಂದು ದೇಶದಲ್ಲಿ ಭದ್ರವಾಗಿರುತ್ತದೆ. ಸರಕಿನ ಬಗ್ಗೆ ಜಾಸ್ತಿ ವಿಚಾರಿಸುವ ಅಗತ್ಯವೇ ಅವನಿಗೆ ಬೀಳುವುದಿಲ್ಲ.

ವಿಸ್ಕಿ, ನೂಡಲ್ಸ್, ಕಾರು ಇದ್ದಷ್ಟು ದಿನ ಇದರಿಂದ ದೊಡ್ಡ ತೊಂದರೆ ಆಗಲಿಲ್ಲ. ಚೆನ್ನಾಗಿ ನಡೆದದ್ದೂ ಉಂಟು. ಟಾಮಿ ಲೀ ಜೋನ್ಸ್ 2006ರಿಂದ ಸಂಟೋರಿಯ ಬಾಸ್ ಕಾಫಿ ಜಾಹೀರಾತುಗಳಲ್ಲಿ ಅನ್ಯಗ್ರಹದ ಜೀವಿಯಾಗಿ ಬರುತ್ತಿದ್ದಾರೆ. ಮನುಷ್ಯನ ವೇಷದಲ್ಲಿ ಜಪಾನಿನಲ್ಲಿ ನಾನಾ ಕೂಲಿ ಕೆಲಸ ಮಾಡುತ್ತಾ, ಅಲ್ಲಿನ ಜನರ ಬದುಕನ್ನು ನೋಡುತ್ತಾ, ಕೊನೆಗೆ ಒಂದು ಡಬ್ಬಿ ಕಾಫಿ ಕುಡಿಯುವ ಪಾತ್ರ ಅದು. ಹೊರಗಿನವನು ಆ ನೆಲದ ದುಡಿಮೆಯನ್ನು ಹತ್ತಿರದಿಂದ ಕಾಣುವ ಕಥೆ. ಜಪಾನಿನ ಜನ ಅವರನ್ನು ತಮ್ಮವರಂತೆ ಒಪ್ಪಿಕೊಂಡಿದ್ದಾರೆ.

2005ರಲ್ಲಿ ಯೂಟ್ಯೂಬ್ ಬಂತು, ಬೇಲಿ ಬಿತ್ತು. ಟೋಕಿಯೊದಲ್ಲಿ ಬೆಳಿಗ್ಗೆ ಬಂದ ಜಾಹೀರಾತು ಸಂಜೆಗೆ ನ್ಯೂಯಾರ್ಕಿನವರ ಫೋನಿನಲ್ಲಿ. ಕರಾರಿನಲ್ಲಿ ದೇಶದ ಷರತ್ತು ಈಗಲೂ ಇರಬಹುದು. ಜನರ ಕಣ್ಣಿಗೆ ಷರತ್ತು ಹಾಕುವವರು ಯಾರು?

ಮುಖ ಯಾರಿಗಾಗಿ?

ಇದೇ ವಿಷಯ ನಮ್ಮಲ್ಲಿ 2025ರ ಮೇ ತಿಂಗಳಲ್ಲಿ ಬೇರೆ ರೂಪದಲ್ಲಿ ಬಂತು. ಮೈಸೂರು ಸ್ಯಾಂಡಲ್ ಸಾಬೂನಿಗೆ ನಟಿ ತಮನ್ನಾ ಭಾಟಿಯಾ ಅವರನ್ನು ರಾಯಭಾರಿ ಮಾಡಿದರು. ಎರಡು ವರ್ಷ ಎರಡು ದಿನಕ್ಕೆ 6.20 ಕೋಟಿ ರೂಪಾಯಿ. ಕನ್ನಡದ ಸಾಬೂನಿಗೆ ಕನ್ನಡದ ನಟಿ ಸಿಗಲಿಲ್ಲವೇ ಎಂದು ಜನ ಕೇಳಿದರು. ಕರ್ನಾಟಕದ ಆಚೆಗೂ ಮಾರುಕಟ್ಟೆ ಹಿಡಿಯಬೇಕು, 2028ರ ಹೊತ್ತಿಗೆ ವರ್ಷದ ವಹಿವಾಟು 5,000 ಕೋಟಿ ಮುಟ್ಟಬೇಕು, ಅದಕ್ಕೇ ಈ ಆಯ್ಕೆ ಎಂದು ಸಚಿವ ಎಂ.ಬಿ. ಪಾಟೀಲ ಉತ್ತರಿಸಿದರು.

ಜಗಳದ ಎರಡೂ ಕಡೆ ಹುರುಳಿತ್ತು. ಅವರವರ ಮಾತು ಬೇರೆ ಬೇರೆ ವಿಷಯದ ಮೇಲಿತ್ತು, ಅಷ್ಟೆ. ಸರ್ಕಾರ ನೋಡುತ್ತಿದ್ದದ್ದು ಇನ್ನೂ ಈ ಸಾಬೂನು ಕೊಳ್ಳದವರನ್ನು. ಜನ ನೋಡುತ್ತಿದ್ದದ್ದು ಈ ಸಾಬೂನಿನ ಜೊತೆ ಬೆಳೆದ ತಮ್ಮನ್ನು. ಜಾಹೀರಾತಿನ ಮುಖ ಯಾವಾಗಲೂ ಮೊದಲನೆಯವರಿಗಾಗಿ ಇರುತ್ತದೆ. ಬ್ರಾನ್ಸನ್ ಮುಖ ಜಪಾನಿನವರಿಗಾಗಿ ಇತ್ತು. ಹಾಗೆಯೇ ನಂದಿನಿ ಲಾಂಛನ 2024ರ ಟಿ20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ಆಟಗಾರರ ಅಂಗಿಯ ಮೇಲೆ ಬಂದದ್ದು ಹೊರದೇಶದ ನೋಡುಗರಿಗಾಗಿ. ದಾವಣಗೆರೆ, ಚಿತ್ರದುರ್ಗದ ಹಳ್ಳಿಗಳ ಡೇರಿಗೆ ಬೆಳಿಗ್ಗೆ ಹಾಲು ಹಾಕುವವರ ಒಕ್ಕೂಟ ಶಿಮುಲ್ ಕೂಡ ಅದೇ ನಂದಿನಿ ಮನೆಗೆ ಸೇರಿದ್ದು.

ಆದರೆ ನಂದಿನಿಗೆ ಇನ್ನೊಂದು ಬಗೆಯ ಮುಖವೂ ಇತ್ತು. ಡಾ. ರಾಜ್‌ಕುಮಾರ್ ಸಂಭಾವನೆ ಪಡೆಯದೆ ನಂದಿನಿ ಹಾಲಿಗಾಗಿ ನಿಂತರು. ರೈತರ ಸಂಸ್ಥೆ ಎಂಬುದೇ ಅದಕ್ಕೆ ಕಾರಣ. ಪುನೀತ್ ರಾಜ್‌ಕುಮಾರ್ ಕೂಡ ಅದೇ ದಾರಿ ಹಿಡಿದರು. ಅವರು ಹೇಳಿದ್ದನ್ನು ಕೇಳಿದವರು ಅವರದೇ ಊರಿನವರು, ಅವರದೇ ಭಾಷೆಯವರು. ಹಾಲು ಕೆಟ್ಟರೆ ಮೊದಲು ಕೇಳುವುದು ಇವರನ್ನೇ. ಹೀಗೆ ನೋಡುಗರ ನಡುವೆಯೇ ಬದುಕುವ ಮುಖಕ್ಕೂ, ವಿಮಾನ ಹತ್ತಿ ಹೋಗುವ ಮುಖಕ್ಕೂ ಹೊಣೆಯಲ್ಲಿ ಭಾರಿ ವ್ಯತ್ಯಾಸ ಇದೆ. ಅದು ಎಲ್ಲಕ್ಕಿಂತ ಸ್ಪಷ್ಟವಾಗಿ ಕಂಡದ್ದು 2016ರಲ್ಲಿ, ಅಡಿಕೆಯ ವಿಷಯದಲ್ಲೇ.

ಜೇಮ್ಸ್ ಬಾಂಡ್ ಕೈಯಲ್ಲಿ ಪಾನ್ ಮಸಾಲ ಡಬ್ಬಿ

2016ರ ಅಕ್ಟೋಬರ್‌ನಲ್ಲಿ ಪತ್ರಿಕೆಗಳ ಪುಟ ತುಂಬ ಒಂದು ಜಾಹೀರಾತು ಬಂತು. ಕಪ್ಪು ಬಟ್ಟೆ, ಬಿಳಿ ಗಡ್ಡದ ಪಿಯರ್ಸ್ ಬ್ರಾಸ್ನನ್. ಬಾಂಡ್ ಆಗಿ ಲೋಕಕ್ಕೆಲ್ಲ ಪರಿಚಯವಿದ್ದ ನಟ. ಕೈಯಲ್ಲಿ ಪಾನ್ ಬಹಾರ್ ಡಬ್ಬಿ. ಟಿವಿಯಲ್ಲಂತೂ ಆ ಡಬ್ಬಿಯನ್ನೇ ಆಯುಧ ಮಾಡಿಕೊಂಡು ಅವರು ಎದುರಾಳಿಗಳನ್ನು ಹೊಡೆದುರುಳಿಸುತ್ತಿದ್ದರು. ದೇಶವೆಲ್ಲ ನೋಡಿ ನಕ್ಕಿತು. ಆದರೆ ಮುಂದೆ ಆದದ್ದು ನಗುವ ವಿಷಯ ಅಲ್ಲ.

ಸುದ್ದಿ ಅಮೆರಿಕ ತಲುಪಲು ದಿನಗಳೂ ಬೇಕಾಗಲಿಲ್ಲ. ಬ್ರಾಸ್ನನ್ ಅಲ್ಲಿನ ಪತ್ರಿಕೆಯೊಂದಕ್ಕೆ ಹೇಳಿಕೆ ಕೊಟ್ಟರು. ತಮಗೆ ಆಘಾತವಾಗಿದೆ ಎಂದರು. ತಾವು ಒಪ್ಪಿದ್ದು ಬಾಯಿಗೆ ಒಳ್ಳೆಯ ವಾಸನೆ ಕೊಡುವ, ಹಲ್ಲು ಬೆಳ್ಳಗಾಗಿಸುವ ಒಂದು ಸರಕಿಗೆ ಮಾತ್ರ ಎಂದರು. ಅದು ಪೂರ್ತಿ ನೈಸರ್ಗಿಕ, ಅದರಲ್ಲಿ ತಂಬಾಕಾಗಲಿ ಅಡಿಕೆಯಾಗಲಿ ಬೇರೆ ಹಾನಿಕರ ವಸ್ತುವಾಗಲಿ ಇಲ್ಲ ಎಂದು ತಮಗೆ ತಿಳಿಸಲಾಗಿತ್ತು ಎಂದರು. ಅವರ ಮೊದಲ ಹೆಂಡತಿ ತೀರಿಕೊಂಡದ್ದು ಕ್ಯಾನ್ಸರ್‌ನಿಂದ. ಮಗಳನ್ನೂ 2013ರಲ್ಲಿ ಅದೇ ಕಾಯಿಲೆ ಕೊಂಡೊಯ್ದಿತ್ತು. ಅವರ ಮಾತಿನಲ್ಲಿದ್ದ ನೋವನ್ನು ಅನುಮಾನಿಸಲು ಕಾರಣ ಇಲ್ಲ. ಕಂಪನಿ ತನ್ನ ಸರಕಿನಲ್ಲಿ ತಂಬಾಕು, ನಿಕೋಟಿನ್ ಇಲ್ಲ ಎಂದು ಹೇಳಿತು. ಮುಂದೆ ದೆಹಲಿ ಸರ್ಕಾರದ ಆರೋಗ್ಯ ಇಲಾಖೆ ನೋಟಿಸ್ ಕಳಿಸಿದಾಗ, 2018ರಲ್ಲಿ, ತಮಗೆ ಮೋಸವಾಗಿದೆ, ಕರಾರು ಮುಗಿದಿದೆ, ಇನ್ನು ಇಂಥದಕ್ಕೆ ಬರುವುದಿಲ್ಲ ಎಂದು ಬ್ರಾಸ್ನನ್ ಬರೆದು ತಿಳಿಸಿದರು.

ಅವರು ಕೊಟ್ಟ ಪಟ್ಟಿಯನ್ನು ಚನ್ನಗಿರಿಯ ಬೆಳೆಗಾರರು ಇನ್ನೊಮ್ಮೆ ಓದಬೇಕು. ತಂಬಾಕು, ಅಡಿಕೆ, ಬೇರೆ ಹಾನಿಕರ ವಸ್ತು. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಲಾಗಿದೆ. ನಟ ತನ್ನ ಹೆಸರು ಉಳಿಸಿಕೊಳ್ಳುವಾಗ ಅಡಿಕೆಯನ್ನು ತಂಬಾಕಿನ ಪಕ್ಕದಲ್ಲಿ ಕೂರಿಸಿ ಹೋದ. ಕರಾರು ಮುಗಿದ ಮೇಲೆ ಅವನಿಗೆ ಈ ಬೆಳೆಯ ಗೊಡವೆ ಇಲ್ಲ. ತೋಟ ಮಾಡಿದವನಿಗೆ ಇದೆ.

ಯಾಲಕ್ಕಿಯ ಮರೆಯಲ್ಲಿ

ತಂಬಾಕು ಇಲ್ಲದಿದ್ದರೆ ಜಾಹೀರಾತಿಗೆ ಅಡ್ಡಿ ಏನು ಎಂದು ಕೇಳಬಹುದು. ಉತ್ತರ ಬೀಡಾ ಅಂಗಡಿಯಲ್ಲೇ ಇದೆ.

ದಾವಣಗೆರೆಯ ಪಿ.ಬಿ. ರಸ್ತೆಯ ಯಾವುದೇ ಗೂಡಂಗಡಿಯ ಮುಂದೆ ಒಂದು ನಿಮಿಷ ನಿಂತು ನೋಡಿ. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ವೀಳ್ಯದೆಲೆ ಒಂದು ಕಡೆ. ತಲೆ ಮೇಲೆ ತೋರಣದ ಹಾಗೆ ಇಳಿಬಿಟ್ಟ ಪೊಟ್ಟಣಗಳು. ಗಿರಾಕಿ ಬಾಯಿ ಬಿಟ್ಟು ಕೇಳುವುದೇ ಬೇಡ. ಅಂಗಡಿಯವನು ಎರಡು ಪೊಟ್ಟಣ ಹರಿದು ಕೊಡುತ್ತಾನೆ. ಒಂದರಲ್ಲಿ ಮಸಾಲೆ, ಇನ್ನೊಂದರಲ್ಲಿ ತಂಬಾಕು. ಎರಡನ್ನೂ ಅಂಗೈಗೆ ಸುರಿದುಕೊಂಡು ಬೆರೆಸಿ ಬಾಯಿಗೆ ಹಾಕಿಕೊಂಡರೆ ಅದೇ ಗುಟ್ಕಾ.

ಹೀಗೆ ಎರಡಾಗಿ ಒಡೆದದ್ದಕ್ಕೆ ಕಾರಣ ಕಾನೂನು. ಆಹಾರ ಪದಾರ್ಥದಲ್ಲಿ ತಂಬಾಕು, ನಿಕೋಟಿನ್ ಬೆರೆಸಬಾರದು ಎಂದು 2011ರ ಆಹಾರ ಸುರಕ್ಷತಾ ನಿಯಮ ಹೇಳಿತು. ಅದರ ಆಧಾರದಲ್ಲಿ ರಾಜ್ಯಗಳು ಗುಟ್ಕಾ ನಿಷೇಧಿಸಿದವು, ಕರ್ನಾಟಕ 2013ರಲ್ಲಿ. ಒಂದೇ ಪೊಟ್ಟಣದಲ್ಲಿ ಮಾರುವುದು ತಪ್ಪಾದ ಮೇಲೆ ಸರಕು ಎರಡು ಪೊಟ್ಟಣವಾಯಿತು. ತಂಬಾಕಿನ ಜಾಹೀರಾತನ್ನು 2003ರ ಕಾಯ್ದೆ ಮೊದಲೇ ನಿಲ್ಲಿಸಿತ್ತು. ಆದ್ದರಿಂದ ಹೆಸರು ಜನರ ನಾಲಿಗೆಯಲ್ಲಿ ಉಳಿಯಬೇಕಾದರೆ ಬೇರೆ ಸರಕು ಬೇಕು. ಅದೇ ಹೆಸರಿನ ಯಾಲಕ್ಕಿ ಬಂತು, ಕೇಸರಿ ಬಂತು, ಬೆಳ್ಳಿ ಲೇಪದ ಕಾಳು ಬಂತು. ಟಿವಿಯಲ್ಲಿ ನಟ ಹಿಡಿದದ್ದು ಯಾಲಕ್ಕಿ. ನೋಡುವವನ ತಲೆಯಲ್ಲಿ ಕೂತದ್ದು ಪೊಟ್ಟಣದ ಹೆಸರು. ಇದನ್ನೇ ಬದಲಿ ಜಾಹೀರಾತು ಎನ್ನುತ್ತಾರೆ.

ನಟರಿಗೆ ಇದು ಗೊತ್ತಿರುವುದಿಲ್ಲವೇ? 2021ರ ಅಕ್ಟೋಬರ್‌ನಲ್ಲಿ ಅಮಿತಾಭ್ ಬಚ್ಚನ್ ಕಮಲಾ ಪಸಂದ್ ಜಾಹೀರಾತಿನಿಂದ ಹೊರಬಂದರು, ಸಂಭಾವನೆ ವಾಪಸ್ ಕೊಟ್ಟರು. ಅದು ಬದಲಿ ಜಾಹೀರಾತಾಗುತ್ತದೆ ಎಂದು ಒಪ್ಪುವಾಗ ತಿಳಿದಿರಲಿಲ್ಲ ಎಂಬುದು ಅವರ ಕಡೆಯ ವಿವರಣೆ. 2022ರ ಏಪ್ರಿಲ್‌ನಲ್ಲಿ ಅಕ್ಷಯ್ ಕುಮಾರ್ ವಿಮಲ್ ಯಾಲಕ್ಕಿ ಜಾಹೀರಾತಿನ ಬಗ್ಗೆ ಅಭಿಮಾನಿಗಳ ಕ್ಷಮೆ ಕೇಳಿ ಹಿಂದೆ ಸರಿದರು. ಮುಂಬಯಿ ಮತ್ತು ದೆಹಲಿಯಲ್ಲಿ ದೊಡ್ಡ ದೊಡ್ಡ ವಕೀಲರು, ವ್ಯವಸ್ಥಾಪಕರು ಇರುವವರಿಗೆ ಇದು ತಿಳಿಯಲಿಲ್ಲ ಎಂದರೆ ಒಪ್ಪುವುದು ಕಷ್ಟ. ಬ್ರಾಸ್ನನ್ ಅವರಿಗೆ ಪಾನ್ ಎಂದರೇನು ಎಂದು ಗೊತ್ತಿಲ್ಲದೆ ಇರಬಹುದು. ಇಲ್ಲೇ ಹುಟ್ಟಿ ಬೆಳೆದವರಿಗೆ ಆ ರಿಯಾಯಿತಿ ಇಲ್ಲ.

‘ಗೊತ್ತಿರಲಿಲ್ಲ’ ಎಂದರೆ ಇನ್ನು ಸಾಲದು

ನಟನನ್ನು ಯಾಕೆ ಹಿಡಿಯುತ್ತಾರೆ ಎಂಬ ಪ್ರಶ್ನೆಗೆ ಕಾನೂನಿನ ಉತ್ತರ 2019ರ ಗ್ರಾಹಕರ ರಕ್ಷಣಾ ಕಾಯ್ದೆಯ 21ನೇ ಸೆಕ್ಷನ್‌ನಲ್ಲಿದೆ. ಜಾಹೀರಾತು ಸುಳ್ಳು ಅಥವಾ ದಾರಿ ತಪ್ಪಿಸುವಂಥದ್ದು ಎಂದು ತೀರ್ಮಾನವಾದರೆ ಕೇಂದ್ರ ಗ್ರಾಹಕರ ರಕ್ಷಣಾ ಪ್ರಾಧಿಕಾರ ತಯಾರಕನ ಮೇಲೂ, ಅದನ್ನು ಹೊಗಳಿದ ತಾರೆಯ ಮೇಲೂ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಮತ್ತೆ ಮಾಡಿದರೆ 50 ಲಕ್ಷದವರೆಗೆ. ತಾರೆಯನ್ನು ಒಂದು ವರ್ಷದವರೆಗೆ ಯಾವ ಜಾಹೀರಾತೂ ಮಾಡದಂತೆ ತಡೆಯಬಹುದು, ಮರುಕಳಿಸಿದರೆ ಮೂರು ವರ್ಷದವರೆಗೆ. ಕೋಟಿಗಟ್ಟಲೆ ದುಡಿಯುವವರಿಗೆ ದಂಡಕ್ಕಿಂತ ಈ ತಡೆಯೇ ದೊಡ್ಡ ಪೆಟ್ಟು.

ತಪ್ಪಿಸಿಕೊಳ್ಳಲು ಒಂದು ದಾರಿ ಕಾಯ್ದೆಯಲ್ಲೇ ಇದೆ. ಜಾಹೀರಾತಿನಲ್ಲಿ ಹೇಳಿದ್ದು ನಿಜವೇ ಎಂದು ನಾನು ಸಾಕಷ್ಟು ವಿಚಾರಿಸಿದ್ದೆ ಎಂದು ತಾರೆ ತೋರಿಸಿಕೊಟ್ಟರೆ ದಂಡ ಬೀಳುವುದಿಲ್ಲ. ಅಂದರೆ ನಿಯಮ ತಿರುವುಮುರುವಾಗಿದೆ. ಹಿಂದೆ ಏನೂ ಕೇಳದೆ ಇರುವುದೇ ನಟನಿಗೆ ಕ್ಷೇಮವಾಗಿತ್ತು. ಈಗ ಕೇಳದೆ ಇರುವುದೇ ಅಪಾಯ. ಪ್ರಯೋಗಾಲಯದ ವರದಿ ಎಲ್ಲಿ, ಕೇಸರಿ ಎಷ್ಟು ಹಾಕಿದ್ದೀರಿ ಎಂದು ಕ್ಯಾಮೆರಾ ಮುಂದೆ ನಿಲ್ಲುವ ಮೊದಲೇ ಅವನು ಕೇಳಿ, ಉತ್ತರವನ್ನು ಕಾಗದದಲ್ಲಿ ಪಡೆದಿರಬೇಕು.

2022ರ ಜೂನ್‌ನಲ್ಲಿ ಬಂದ ಮಾರ್ಗಸೂಚಿ ಬದಲಿ ಜಾಹೀರಾತನ್ನು ನೇರವಾಗಿ ನಿಷೇಧಿಸಿತು. ಹೊರದೇಶದವರ ಬಗ್ಗೆಯೂ ಅದರಲ್ಲಿ ಒಂದು ಮಾತಿದೆ. ಯಾವುದಾದರೂ ವೃತ್ತಿಯ ಭಾರತೀಯರು ಜಾಹೀರಾತಿನಲ್ಲಿ ಶಿಫಾರಸು ಮಾಡಬಾರದು ಎಂದು ಕಾನೂನು ಹೇಳಿದ್ದರೆ, ಅದೇ ವೃತ್ತಿಯ ವಿದೇಶಿಯರನ್ನು ಕರೆತಂದು ಹೇಳಿಸುವಂತೆಯೂ ಇಲ್ಲ. 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ದಾರಿ ತಪ್ಪಿಸುವ ಜಾಹೀರಾತಿಗೆ ತಾರೆಯರೂ ಸಮಾನ ಹೊಣೆಗಾರರು ಎಂದಿತು. 2025ರ ಐಪಿಎಲ್‌ಗೆ ಮುಂಚೆ ಕೇಂದ್ರ ಆರೋಗ್ಯ ಇಲಾಖೆ ಮೈದಾನದಲ್ಲೂ ಟಿವಿಯಲ್ಲೂ ತಂಬಾಕು, ಮದ್ಯದ ಬದಲಿ ಜಾಹೀರಾತು ಬೇಡ ಎಂದು ಪತ್ರ ಬರೆಯಿತು.

ಕಾಗದದ ಮೇಲೆ ಕಾನೂನು ಗಟ್ಟಿಯಾಗಿದೆ. ಜಾರಿಯಲ್ಲಿ ತೊಡಕಿರುವುದು ಒಂದೇ ಕಡೆ. ಯಾಲಕ್ಕಿ ನಿಜವಾಗಿಯೂ ಯಾಲಕ್ಕಿಯೇ, ಅಥವಾ ಗುಟ್ಕಾ ಹೆಸರಿನ ಮರೆಯೇ ಎಂದು ಸಾಬೀತು ಮಾಡಬೇಕು. ಅದಕ್ಕೆ ಎಷ್ಟು ಯಾಲಕ್ಕಿ ಮಾರಾಟವಾಗಿದೆ, ಜಾಹೀರಾತಿಗೆ ಎಷ್ಟು ಖರ್ಚಾಗಿದೆ ಎಂಬ ಲೆಕ್ಕ ಹೊರಗೆ ಬರಬೇಕು. ಮಾರಾಟ ಕಾಸಿನಷ್ಟು, ಜಾಹೀರಾತು ಕೋಟಿಯಷ್ಟು ಎಂದಾದರೆ ಮರೆ ತಾನಾಗಿ ಸರಿಯುತ್ತದೆ.

ಮೂವರ ಮೂರು ಮಾತು

ಕಂಪನಿಗಳ ವಾದ: ಪಾನ್ ಮಸಾಲ ಕಾನೂನುಬದ್ಧ ಸರಕು, ಎಚ್ಚರಿಕೆ ಮುದ್ರಿಸಿದ್ದೇವೆ, ತೆರಿಗೆ ಕಟ್ಟುತ್ತೇವೆ, ಮಾರಲು ಬಿಟ್ಟವರು ಜಾಹೀರಾತಿಗೆ ಯಾಕೆ ತಡೆಯುತ್ತೀರಿ? ಕೊನೆಯ ಪ್ರಶ್ನೆಯಲ್ಲಿ ಸ್ವಲ್ಪ ನಿಜ ಇದೆ. ಸರ್ಕಾರ ಒಂದು ಕೈಯಲ್ಲಿ ತೆರಿಗೆ ತೆಗೆದುಕೊಂಡು ಇನ್ನೊಂದು ಕೈಯಲ್ಲಿ ಬೇಡ ಎನ್ನುತ್ತಿದೆ.

ವೈದ್ಯರ ಮಾತು ಖಚಿತ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ತಂಬಾಕು ಬೆರೆಸದ ಎಲೆ ಅಡಿಕೆಯನ್ನೂ, ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆ ಜಗಿಯುವ ಅಭ್ಯಾಸ ಬಿಡದವರಲ್ಲಿ ಬಾಯಿಯ ಒಳಪದರ ಗಡುಸಾಗಿ, ಕೊನೆಗೆ ಬಾಯಿ ತೆರೆಯಲೂ ಆಗದ ಸ್ಥಿತಿ ಬರಬಹುದು. ಇಂಥ ಸರಕನ್ನು ಮಕ್ಕಳು ಮೆಚ್ಚುವ ನಟರಿಂದ ಮಾರಿಸುವುದು ತಪ್ಪು ಎನ್ನುತ್ತಾರೆ ಅವರು.

ಬೆಳೆಗಾರರ ಮಾತು ಬೇರೆ. ನಮ್ಮ ಹಿರಿಯರು ತಲೆಮಾರುಗಳಿಂದ ಎಲೆ ಅಡಿಕೆ ಹಾಕಿದ್ದಾರೆ, ಮದುವೆ, ಪೂಜೆ, ಸಾವು ಎಲ್ಲದರಲ್ಲೂ ತಾಂಬೂಲ ಇದೆ. ಹಾನಿ ಮಾಡುವುದು ಬೆರೆಸಿದ ತಂಬಾಕು ಮತ್ತು ರಾಸಾಯನಿಕ, ಅಡಿಕೆಯಲ್ಲ ಎಂಬುದು ಅವರ ವಾದ. ಇದನ್ನು ಪರೀಕ್ಷಿಸಲು ಕೇಂದ್ರ ಕೃಷಿ ಇಲಾಖೆ ಭಾರತೀಯ ಕೃಷಿ ಸಂಶೋಧನಾ ಮಂಡಳಿ ಮೂಲಕ ಅಧ್ಯಯನವನ್ನೂ ಕೈಗೆತ್ತಿಕೊಂಡಿದೆ. ಊಟದ ನಂತರ ಒಂದು ಎಲೆ ಹಾಕುವುದಕ್ಕೂ ದಿನಕ್ಕೆ ಹತ್ತು ಹದಿನೈದು ಪೊಟ್ಟಣ ಜಗಿಯುವುದಕ್ಕೂ ವ್ಯತ್ಯಾಸ ಇದೆ ಎಂಬುದು ಸುಲಭವಾಗಿ ಅರ್ಥವಾಗುವ ಮಾತು. ಆದರೆ ಅಡಿಕೆಯ ಮೇಲಿರುವ ವೈಜ್ಞಾನಿಕ ದೂರನ್ನು ಸಂಪ್ರದಾಯದ ಮಾತಿನಿಂದ ಅಳಿಸಲು ಆಗದು. ಅದಕ್ಕೆ ಇನ್ನೊಂದು ವೈಜ್ಞಾನಿಕ ಉತ್ತರವೇ ಬೇಕು. ಉತ್ತರ ಬೆಳೆಗಾರರಿಗೆ ಕಹಿಯಾದರೂ ಅದನ್ನು ಮುಚ್ಚಿಡಬಾರದು.

ಧಾರಣೆ ಬೀಳುತ್ತದೆಯೇ?

ಈಗ ಎರಡನೇ ಗೊಂದಲ.

ಕೊಯ್ಲಿನ ಕಾಲದಲ್ಲಿ ಚನ್ನಗಿರಿ ಕಡೆ ಯಾವುದೇ ಊರಿಗೆ ಹೋದರೂ ಒಂದೇ ನೋಟ. ಮರದಿಂದ ಇಳಿದ ಗೊನೆ, ಹಸಿರು ಸಿಪ್ಪೆ ಸುಲಿಯುವ ಕೈಗಳು, ಹಂಡೆಯಲ್ಲಿ ಕುದಿಯುವ ಅಡಿಕೆ. ಬೇಯಿಸಿದ ನೀರು ಗಟ್ಟಿಯಾಗಿ ಚೊಗರು ಆಗುತ್ತದೆ. ಅದರಿಂದಲೇ ಅಡಿಕೆಗೆ ಆ ಕೆಂಪು ಬಣ್ಣ, ಹೊಳಪು. ಆಮೇಲೆ ಅಂಗಳದಲ್ಲಿ ಹರಡಿ ಒಣಗಿಸಬೇಕು. ಮೋಡ ಕವಿದರೆ ಮನೆಯವರೆಲ್ಲ ಓಡಿ ಬಂದು ರಾಶಿ ಮಾಡಿ ಮುಚ್ಚುತ್ತಾರೆ. ಹದ ತಪ್ಪಿದರೆ ದರ್ಜೆ ಇಳಿಯುತ್ತದೆ, ದರ್ಜೆ ಇಳಿದರೆ ಕ್ವಿಂಟಲ್‌ಗೆ ಸಾವಿರಗಟ್ಟಲೆ ಕಡಿಮೆ. ತೋಟದ ಫಸಲನ್ನು ಗುತ್ತಿಗೆ ಹಿಡಿಯುವ ಖೇಣಿದಾರರು, ಸುಲಿಯುವವರು, ಲಾರಿಯವರು, ಮಂಡಿಯ ಹಮಾಲರು, ಎಲ್ಲರ ಅನ್ನ ಇದರಲ್ಲಿದೆ. ಹೀಗೆ ಬೇಯಿಸಿ ಒಣಗಿಸಿದ, ‘ರಾಶಿ’ ಎಂದು ಕರೆಯುವ ಇಲ್ಲಿನ ಅಡಿಕೆ ಬಹುಪಾಲು ಉತ್ತರ ಭಾರತಕ್ಕೆ ಹೋಗುತ್ತದೆ. ಅಲ್ಲಿ ಕತ್ತರಿಸಿ, ಸುವಾಸನೆ ಬೆರೆಸಿ, ಪೊಟ್ಟಣಕ್ಕೆ ತುಂಬುತ್ತಾರೆ. ಪೊಟ್ಟಣದ ಮೇಲೆ ನಟನ ಜಾಹೀರಾತಿನ ಹೆಸರು ಇರುತ್ತದೆ. ಅಡಿಕೆ ಯಾವ ಊರಿನದು ಎಂದು ಇರುವುದಿಲ್ಲ.

ಆದ್ದರಿಂದ ಭಯ ಸಹಜ. ಜಾಹೀರಾತು ನಿಂತರೆ ಪಾನ್ ಮಸಾಲ ಮಾರಾಟ ಇಳಿಯುತ್ತದೆ, ಅದು ಇಳಿದರೆ ಅಡಿಕೆ ಕೇಳುವವರಿಲ್ಲ ಎಂಬ ಲೆಕ್ಕ. ಆದರೆ ಹಿಂದಿನ ಅನುಭವ ಬೇರೆ ಹೇಳುತ್ತದೆ. 2013ರಲ್ಲಿ ಗುಟ್ಕಾ ನಿಷೇಧವಾದಾಗ ಇದೇ ಮಾತು ಎದ್ದಿತ್ತು. ಜಾಹೀರಾತು ಮಾತ್ರವಲ್ಲ, ಸರಕೇ ನಿಷೇಧವಾಗಿತ್ತು. ಮರುವರ್ಷ, 2014ರಲ್ಲಿ, ರಾಶಿ ಅಡಿಕೆ ಧಾರಣೆ ಬೆಳೆಗಾರರೇ ಬೆರಗಾಗುವಷ್ಟು ಏರಿತು. ಆಮೇಲೆ ಇಳಿಯಿತು, ಮತ್ತೆ ಏರಿತು. 2023, 2024ರಲ್ಲಿ ಕ್ವಿಂಟಲ್‌ಗೆ 50 ಸಾವಿರದ ಆಸುಪಾಸಿನಲ್ಲಿ ಆಡಿತು.

ಹೀಗಾಗಲು ಕಾರಣ ಇದೆ. ಚಟ ಜಾಹೀರಾತು ನಿಂತ ದಿನ ನಿಲ್ಲುವುದಿಲ್ಲ. ಈಗಾಗಲೇ ಜಗಿಯುವವನಿಗೆ ಜಾಹೀರಾತು ಬೇಕಾಗಿಲ್ಲ. ಜಾಹೀರಾತು ಹೆಚ್ಚಾಗಿ ಮಾಡುವ ಕೆಲಸ ಎರಡು. ಒಂದು ಕಂಪನಿಯ ಗಿರಾಕಿಯನ್ನು ಇನ್ನೊಂದಕ್ಕೆ ಎಳೆಯುವುದು, ಮತ್ತು ಹೊಸ ಹುಡುಗರನ್ನು ಸೇರಿಸುವುದು. ಮೊದಲನೆಯದರಿಂದ ಒಟ್ಟು ಅಡಿಕೆ ಬಳಕೆ ಬದಲಾಗದು. ಎರಡನೆಯದರ ಪರಿಣಾಮ ಕಾಣಲು ವರ್ಷಗಳು ಬೇಕು. ಹಾಗಾಗಿ ನಟರ ಮೇಲಿನ ನೋಟಿಸ್‌ನಿಂದ ನಾಳೆ ಮಂಡಿಯಲ್ಲಿ ಧಾರಣೆ ಕುಸಿಯುತ್ತದೆ ಎಂದು ಯಾರಾದರೂ ಹೇಳಿ ಅಗ್ಗಕ್ಕೆ ಕೇಳಿದರೆ ಬೆಳೆಗಾರರು ನಂಬಬೇಕಾಗಿಲ್ಲ.

ಧಾರಣೆಯನ್ನು ಬೇಗ ಅಲ್ಲಾಡಿಸುವುದು ಬೇರೆ. ಹೊರಗಿನಿಂದ ಬರುವ ಅಡಿಕೆ. ಕಳ್ಳದಾರಿಯಲ್ಲಿ ಬರುವುದೂ ಅದರಲ್ಲಿ ಸೇರಿದೆ. ಅದಕ್ಕೇ ಕೇಂದ್ರ 2023ರ ಫೆಬ್ರುವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ಅದಕ್ಕೂ ಹಿಂದಿನ ವರ್ಷ ಭೂತಾನಿನಿಂದ 17,000 ಟನ್ ಹಸಿ ಅಡಿಕೆ ತರಲು ಒಪ್ಪಿಗೆ ಕೊಟ್ಟಾಗ ಇಲ್ಲಿ ಪ್ರತಿಭಟನೆಯಾಗಿತ್ತು. ಇನ್ನೊಂದು ನೀರು. 2024ರ ಬೇಸಿಗೆಯಲ್ಲಿ ಚನ್ನಗಿರಿ ಭಾಗದಲ್ಲಿ ಕೊಳವೆ ಬಾವಿ ಬತ್ತಿ, ಟ್ಯಾಂಕರ್ ನೀರು ಕೊಂಡು ತೋಟ ಉಳಿಸಿಕೊಂಡರು. ಮೂರನೆಯದು ನಾವೇ ಮಾಡಿಕೊಂಡದ್ದು. ಮೆಕ್ಕೆಜೋಳ, ರಾಗಿ ಬೆಳೆಯುತ್ತಿದ್ದ ಹೊಲಗಳಿಗೂ ಅಡಿಕೆ ಸಸಿ ಇಳಿದಿದೆ. ಚಿತ್ರದುರ್ಗದಂಥ ಬರದ ಸೀಮೆಯಲ್ಲೂ ಕೊಳವೆ ಬಾವಿ ನಂಬಿ ತೋಟ ಮಾಡಿದ್ದಾರೆ. ಅವೆಲ್ಲ ಫಲಕ್ಕೆ ಬಂದಾಗ ಬೇಡಿಕೆ ಅಷ್ಟೇ ಬೆಳೆದಿರುತ್ತದೆಯೇ?

ದೂರದ ಅಪಾಯ ಇಲ್ಲೇ ಇದೆ. ಅಡಿಕೆ ಸಸಿ ಫಲಕ್ಕೆ ಬರಲು ಐದಾರು ವರ್ಷ ಬೇಕು, ಆಮೇಲೆ ದಶಕಗಳ ಕಾಲ ಮರ ನಿಲ್ಲುತ್ತದೆ. ನಟನ ಕರಾರು ಒಂದೆರಡು ವರ್ಷದ್ದು. ಪಾನ್ ಮಸಾಲದ ಹೆಸರು ಕೆಟ್ಟರೆ ನಟ ಕ್ಷಮೆ ಕೇಳಿ ಹೊರಡಬಹುದು, ಕಂಪನಿ ಸೋಪು, ಚಹಾ ಎಂದು ಬೇರೆ ದಂಧೆ ಹಿಡಿಯಬಹುದು. ಮರ ನೆಟ್ಟವನು ಎಲ್ಲಿಗೂ ಹೋಗಲಾರ. ಹೀಗಿರುವಾಗ ಬಾಡಿಗೆಗೆ ಬಂದ ಮುಖದ ಪರವಾಗಿ ಬೆಳೆಗಾರರು ಜಗಳಕ್ಕೆ ನಿಲ್ಲುವುದರಲ್ಲಿ ಲಾಭವಿಲ್ಲ. ಅಡಿಕೆ ಬೇರೆ, ಪೊಟ್ಟಣ ಬೇರೆ ಎಂದು ಅವರು ನಂಬುವುದಾದರೆ ಅದನ್ನು ಮೊದಲು ಹೇಳಬೇಕಾದವರು ಅವರ ಸಹಕಾರ ಸಂಘಗಳು. ಯಾವ ಅಧ್ಯಯನ ನಡೆಯುತ್ತಿದೆ, ಎಲ್ಲಿಗೆ ಬಂತು ಎಂದು ಕೇಳಬೇಕಾದವರೂ ಅವರೇ. ಬಣ್ಣ, ಚೊಗರು, ಹಾಳೆತಟ್ಟೆ ಹೀಗೆ ಜಗಿಯುವುದಕ್ಕೆ ಸಂಬಂಧವಿಲ್ಲದ ಬಳಕೆಗಳು ಇನ್ನೂ ಸಣ್ಣ ಪ್ರಮಾಣದಲ್ಲೇ ಉಳಿದಿವೆ. ಅವುಗಳಿಗೆ ಮಾರುಕಟ್ಟೆ ಹುಡುಕಲು ಈಗಿನ ಒಳ್ಳೆಯ ಧಾರಣೆಯ ಕಾಲಕ್ಕಿಂತ ಬೇರೆ ಹೊತ್ತು ಸಿಗಲಾರದು.

ದಾವಣಗೆರೆಯಲ್ಲಿ ಕೂತು ದೂರು

ಜೈಪುರದ ಪ್ರಕರಣ ಏನಾಗುತ್ತದೋ, ಅದರಿಂದ ಒಂದು ವಿಷಯ ಎಲ್ಲರಿಗೂ ತಿಳಿಯಿತು. ಮುಂಬಯಿಯ ನಟನನ್ನು ಪ್ರಶ್ನಿಸಲು ಮುಂಬಯಿಗೆ ಹೋಗಬೇಕಾಗಿಲ್ಲ. 2019ರ ಕಾಯ್ದೆ ಪ್ರಕಾರ ಗ್ರಾಹಕ ತಾನು ವಾಸವಿರುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ದಾವಣಗೆರೆಯಲ್ಲೂ ಚಿತ್ರದುರ್ಗದಲ್ಲೂ ಜಿಲ್ಲಾ ಆಯೋಗ ಇದೆ. ದಾರಿ ತಪ್ಪಿಸುವ ಜಾಹೀರಾತಿನ ಬಗ್ಗೆ ಜಿಲ್ಲಾಧಿಕಾರಿಗೂ ಬರೆದು ಕೊಡಬಹುದು, ಕಾಯ್ದೆಯ 17ನೇ ಸೆಕ್ಷನ್ ಅದಕ್ಕೆ ಅವಕಾಶ ಕೊಟ್ಟಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಜಾಹೀರಾತು ಬಂದ ದಿನ, ಚಾನೆಲ್ ಅಥವಾ ಪತ್ರಿಕೆಯ ಹೆಸರು, ಅದರ ಒಂದು ಫೋಟೋ, ಪೊಟ್ಟಣ ಕೊಂಡ ರಸೀದಿ ದೂರಿನ ಜೊತೆ ಇದ್ದರೆ ಒಳ್ಳೆಯದು. ಐದು ರೂಪಾಯಿ ಪೊಟ್ಟಣಕ್ಕೆ ಗೂಡಂಗಡಿಯಲ್ಲಿ ಯಾರೂ ರಸೀದಿ ಕೊಡುವುದಿಲ್ಲ ಅಲ್ವಾ? ಹಾಗಾಗಿ ಪೊಟ್ಟಣವನ್ನೇ ಎಸೆಯದೆ ಇಟ್ಟುಕೊಳ್ಳಬೇಕು. ಅದರ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಒಳಗೆ ಏನೇನಿದೆ ಎಂದು ಮುದ್ರಿಸಿರುತ್ತಾರೆ.